ಊಟ ಆದ್ಮೇಲೆ ಬರ್ತೀನಿ

ಜೂನ್ ಮೊದಲ ವಾರ, ಬೆಳಿಗ್ಗೆ ಒಂಬತ್ತೂವರೆ. ಜಿಟಿಜಿಟಿ ಮಳೆ. ಗೋಡೆಯ ಮೇಲೆ ಆನೆ, ಮೊಲ, ಚಿಟ್ಟೆ ಬರೆಸಿಕೊಂಡ ಮನೆಯೊಂದರ ಮುಂದೆ ಸ್ಕೂಟರುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಮುಂದೆ ನಿಂತ ಮಗು, ಹಿಂದೆ ಕೂತ ಅಜ್ಜಿ, ಕೊಕ್ಕೆಗೆ ನೇತುಹಾಕಿದ ಪುಟ್ಟ ಬ್ಯಾಗು. ದಾರಿಯುದ್ದಕ್ಕೂ ಮಳೆಹನಿಗೆ ನಾಲಿಗೆ ಚಾಚಿಕೊಂಡು ಬಂದ ಮಗುವಿಗೆ ಗೇಟು ಕಾಣುತ್ತದೆ. ಕೆಳತುಟಿ ಮುಂದೆ ಬರುತ್ತದೆ.

ಒಳಗೆ ಆಗಲೇ ಏಳೆಂಟು ಮಕ್ಕಳು ಅಳುತ್ತಿವೆ. ಒಂದು ನಿಲ್ಲಿಸುವಷ್ಟರಲ್ಲಿ ಇನ್ನೊಂದು ಶುರು. ಆಯಾ ಗೇಟನ್ನು ಅರ್ಧ ತೆರೆದು ಕೈ ಚಾಚುತ್ತಾರೆ. ಅಮ್ಮನ ದುಪಟ್ಟಾ ಮಗುವಿನ ಮುಷ್ಟಿಯಲ್ಲಿ ಸಿಕ್ಕಿಕೊಂಡಿದೆ. ಒಂದೊಂದೇ ಬೆರಳು ಬಿಡಿಸಬೇಕು. ಗೇಟು ಮುಚ್ಚಿದ ಮೇಲೂ ಅಮ್ಮ ಹೋಗುವುದಿಲ್ಲ. ಪಕ್ಕದ ಮನೆಯ ಕಾಂಪೌಂಡಿಗೆ ಒರಗಿ, ಅಷ್ಟೂ ಅಳುಗಳಲ್ಲಿ ತನ್ನ ಮಗುವಿನದು ಯಾವುದೆಂದು ಕಿವಿಗೊಟ್ಟು ನಿಲ್ಲುತ್ತಾಳೆ. ಗುರುತು ಸಿಕ್ಕೇ ಸಿಗುತ್ತದೆ.

ಎರಡು ವರ್ಷದ ಹಿಂದೆ ಮೈಸೂರಿನ ಅಂಥದ್ದೊಂದು ಕಾಂಪೌಂಡಿಗೆ ನಾನೂ ಒರಗಿ ನಿಂತಿದ್ದೆ. ಮಗಳಿಗೆ ಆಗ ಎರಡು ವರ್ಷ ಒಂಬತ್ತು ತಿಂಗಳು. ಅಕ್ಕಪಕ್ಕ ನಿಂತವರದ್ದೆಲ್ಲ ಒಂದೇ ಮಾತು: 'ಒಂದು ವಾರ ಅಳ್ತಾವೆ, ಆಮೇಲೆ ಸರಿಹೋಗುತ್ತೆ ಬಿಡಿ.' ಸರಿಹೋಗಿದ್ದು ನಿಜ. ಆದರೆ ಆ ವಾರಗಳಲ್ಲಿ ಮಗುವಿನೊಳಗೆ ಏನು ನಡೆಯುತ್ತದೆ, ನಾವು ಮಾಡುವ ಯಾವುದರಿಂದ ಅದರ ಸಂಕಟ ಇಳಿಯುತ್ತದೆ, ಯಾವುದರಿಂದ ಏರುತ್ತದೆ ಎಂದು ಯಾರೂ ಹೇಳಲಿಲ್ಲ. ಓದಿ, ಕೇಳಿ, ತಪ್ಪು ಮಾಡಿ ತಿಳಿದುಕೊಂಡದ್ದು ಇಲ್ಲಿದೆ.

ಅಳು ಹಟವಲ್ಲ

ಕೂಸು ಏಳೆಂಟು ತಿಂಗಳದ್ದಾದಾಗ ಪ್ರತಿ ಮನೆಯಲ್ಲೂ ಒಂದು ಆಟ ಶುರುವಾಗುತ್ತದೆ. ಅಜ್ಜಿ ಸೆರಗಿನ ಹಿಂದೆ ಮುಖ ಮರೆಸುತ್ತಾಳೆ, ಕೂಸು ಕಕ್ಕಾಬಿಕ್ಕಿ. 'ಬೂ' ಎಂದು ಸೆರಗು ಸರಿಸಿದರೆ ಕೇಕೆ. ಕಣ್ಣಿಗೆ ಕಾಣದ್ದೂ ಎಲ್ಲೋ ಇದ್ದೇ ಇರುತ್ತದೆ ಎಂಬ ಅರಿವು ಮೊಳೆಯುವ ವಯಸ್ಸು ಅದು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತಮ್ಮದೇ ಮಕ್ಕಳನ್ನು ಗಮನಿಸಿ ಇದನ್ನು ವಿವರವಾಗಿ ಬರೆದರು. ಅಮ್ಮ ಎಲ್ಲೋ ಇದ್ದಾಳೆ ಎಂದು ಗೊತ್ತಾದ ಕೂಡಲೇ, ಹಾಗಾದರೆ ಇಲ್ಲೇಕಿಲ್ಲ ಎಂಬ ದಿಗಿಲೂ ಹುಟ್ಟುತ್ತದೆ. ಅಗಲಿಕೆಯ ಈ ಭಯ ಹತ್ತರಿಂದ ಹದಿನೆಂಟು ತಿಂಗಳ ನಡುವೆ ಏರಿ, ಮೂರು ವರ್ಷದ ಹೊತ್ತಿಗೆ ಮೆಲ್ಲಗೆ ಇಳಿಯುತ್ತದೆ. ಎರಡೂವರೆಗೆ ಶಾಲೆ ಸೇರುವ ಮಗು ಆ ಇಳಿಜಾರಿನ ನಡುವೆ ಎಲ್ಲೋ ಇರುತ್ತದೆ.

ಮಗು ತನ್ನನ್ನು ಸಾಕುವವರಿಗೆ ಅಂಟಿಕೊಳ್ಳುವುದು ಹಸಿವಿನಷ್ಟೇ ಸಹಜವಾದ ಅಗತ್ಯ ಎಂದು ವಾದಿಸಿದವರು ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಅವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆದರು. ಸಣ್ಣ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಕತೆ. ಅಪ್ಪ ಅಮ್ಮ ಮಗುವಿನ ಬಳಿ ಇರಲು ಅಲ್ಲಿನ ಆಸ್ಪತ್ರೆಗಳು ಆಗ ಬಿಡುತ್ತಿರಲಿಲ್ಲ. ಆ ಹುಡುಗಿ ರಂಪ ಮಾಡುವವಳಲ್ಲ, ಬಹಳ ಹೊತ್ತು ತಡೆದುಕೊಂಡೇ ಇರುತ್ತಾಳೆ. ನೋಡುವವರ ಕಣ್ಣಿಗೆ ಹೊಂದಿಕೊಂಡಂತೆ. ಒಳಗೆ ಮಾತ್ರ ಅವಳು ಕುಗ್ಗುತ್ತಿದ್ದಾಳೆ. ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಆಸೆ ಬಿಡುತ್ತದೆ, ಕೊನೆಗೆ ದೂರವಾಗುತ್ತದೆ ಎಂದು ಬೌಲ್ಬಿ ಮತ್ತು ರಾಬರ್ಟ್‌ಸನ್ ಗುರುತಿಸಿದರು. ಬ್ರಿಟನ್ನಿನ ಆಸ್ಪತ್ರೆಗಳ ನಿಯಮ ಕ್ರಮೇಣ ಬದಲಾಗಲು ಆ ಚಿತ್ರವೂ ಒಂದು ಕಾರಣ.

ಮೂರು ಗಂಟೆಯ ಶಾಲೆ ಎಂಟು ದಿನದ ಆಸ್ಪತ್ರೆಯಲ್ಲ, ಅದನ್ನು ಮರೆಯಬಾರದು. ಆದರೂ ನಮ್ಮ ಗೇಟುಗಳ ಮುಂದೆ ನೆನಪಿಡಬೇಕಾದ ವಿಷಯವೊಂದು ಅದರಲ್ಲಿದೆ. 'ಪಾಪ, ನಿಮ್ಮ ಮಗು ಅಳೋದೇ ಇಲ್ಲ, ಸುಮ್ನೆ ಒಂದು ಮೂಲೇಲಿ ಕೂತಿರುತ್ತೆ' ಎಂದು ಟೀಚರ್ ಹೊಗಳಿದರೆ ನೆಮ್ಮದಿಪಡುವುದಲ್ಲ, ಇನ್ನೆರಡು ಪ್ರಶ್ನೆ ಕೇಳಬೇಕು. ತಿಂದಿತೇ? ಆಡಿತೇ?

ಜರ್ಮನಿಯಲ್ಲಿ ಲೀಸೆಲೊಟ್ಟೆ ಆನೆರ್ಟ್ ಮತ್ತವರ ಜೊತೆಗಾರರು ಶಿಶುಪಾಲನಾ ಕೇಂದ್ರ ಸೇರಿದ 70 ಮಕ್ಕಳ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದು 2004ರಲ್ಲಿ ಪ್ರಕಟಿಸಿದರು. ಎಲ್ಲ ಹದಿನೈದು ತಿಂಗಳ ಕೂಸುಗಳು. ಅಮ್ಮ ಬಿಟ್ಟುಹೋದ ಮೊದಲ ದಿನಗಳಲ್ಲಿ ಅದರ ಮಟ್ಟ ಮನೆಯಲ್ಲಿದ್ದುದಕ್ಕಿಂತ ಶೇ 75ರಿಂದ 100ರಷ್ಟು ಹೆಚ್ಚಿತ್ತು. ಅಮ್ಮನ ಮೇಲೆ ಗಟ್ಟಿ ಭರವಸೆಯಿದ್ದ ಮಕ್ಕಳಿಗೆ ಅಮ್ಮ ಜೊತೆಗಿದ್ದ ದಿನಗಳಲ್ಲಿ ಒತ್ತಡ ತೀರಾ ಕಡಿಮೆ. ಅಮ್ಮ ಹೋದ ಮೇಲೆ ಹೆಚ್ಚು ಅತ್ತವೂ ಅವೇ. ಕಾಂಪೌಂಡಿಗೆ ಒರಗಿದ್ದ ದಿನಗಳಲ್ಲಿ ಇದು ನನಗೆ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು! 'ನೀನೇ ಮುದ್ದು ಮಾಡಿ ಕೆಡಿಸಿದ್ದೀಯ, ಅದಕ್ಕೇ ಹೀಗೆ ಅಳ್ತಾಳೆ' ಎಂದು ಮನೆಯವರೆಲ್ಲ ಹೇಳುತ್ತಿದ್ದಾಗ ನಾನು ತಲೆ ತಗ್ಗಿಸುತ್ತಿರಲಿಲ್ಲ.

ಹೇಳದೆ ಹೋದ ದಿನ

ಮೂರನೇ ದಿನ ನನ್ನನ್ನು ಅರ್ಧ ಗಂಟೆ ಒಳಗೆ ಕೂರಲು ಬಿಟ್ಟರು. ಮಗಳು ಬಣ್ಣದ ಬಳೆಗಳನ್ನು ಕಂಬಕ್ಕೆ ಪೋಣಿಸುತ್ತಿದ್ದಳು. 'ಆಟದಲ್ಲಿ ಮುಳುಗಿದ್ದಾಳೆ, ನೀವು ಮೆಲ್ಲಗೆ ಎದ್ದು ಹೋಗಿಬಿಡಿ' ಎಂದು ಟೀಚರ್ ಕಣ್ಸನ್ನೆ ಮಾಡಿದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹೊರಟುಬಿಟ್ಟೆ. ಕೊನೆಯ ಬಳೆ ಪೋಣಿಸಿ ನನಗೆ ತೋರಿಸಲೆಂದು ಅವಳು ತಿರುಗಿದಾಗ ಅಲ್ಲಿ ಯಾರೂ ಇರಲಿಲ್ಲ.

ಅವತ್ತು ಸಂಜೆಯಿಂದ ಅವಳು ನನ್ನ ನೈಟಿಯ ಅಂಚು ಬಿಡಲಿಲ್ಲ. ಬಚ್ಚಲಿಗೆ ಹೋದರೆ ಬಾಗಿಲಿಗೆ ಒರಗಿ ಕೂತಳು. ಮೂರು ರಾತ್ರಿ ನಿದ್ದೆಯಲ್ಲೇ ಎದ್ದು ತಡಕಿದಳು. ನಾನು ಮಾಡಿದ್ದೇನು ಎಂಬುದು ಆಮೇಲೆ ಅರ್ಥವಾಯಿತು. ಆಟದಲ್ಲಿ ಮೈಮರೆತರೆ ಅಮ್ಮ ಮಾಯವಾಗುತ್ತಾಳೆ ಎಂದು ನಾನೇ ಅವಳಿಗೆ ಕಲಿಸಿದ್ದೆ. ಅದನ್ನು ಕಲಿತ ಮಗು ಶಾಲೆಯಲ್ಲಿ ಆಡುವುದಾದರೂ ಹೇಗೆ? ಒಂದು ಕಣ್ಣು ಸದಾ ಬಾಗಿಲ ಮೇಲೆ ಇಟ್ಟಿರಬೇಕಲ್ಲ.

ಹೇಳಿ ಹೋದರೆ ಅಳುತ್ತದೆ, ಹೇಳದೆ ಹೋದರೆ ಅಳುವುದಿಲ್ಲ ಎಂಬ ಲೆಕ್ಕ ನಮಗೆ ಅನುಕೂಲದ್ದು. ಹೇಳಿ ಹೋದಾಗಿನದು ನಾವು ಕೇಳಿಸಿಕೊಳ್ಳುವ ಅಳು, ಅಷ್ಟೇ ವ್ಯತ್ಯಾಸ. ಹೇಳಿ ಹೋಗುವುದೇ ಸರಿ. ದಿನವೂ ಅದೇ ಮಾತು, ಅದೇ ಮುದ್ದು, ಅಷ್ಟೇ ಹೊತ್ತು. ಹೋಗುತ್ತೇನೆ ಎಂದ ಮೇಲೆ ಹೋಗಿಬಿಡಬೇಕು. ಮೂರು ಸಲ ತಿರುಗಿ ಬಂದರೆ ಮಗುವಿಗೆ ಮೂರು ಸಲ ಅಗಲಿಕೆ.

ಯಾವಾಗ ಬರುತ್ತೇನೆ ಎಂಬುದನ್ನು ಮಗುವಿನ ಗಡಿಯಾರದಲ್ಲೇ ಹೇಳಬೇಕು. ಹನ್ನೆರಡೂಕಾಲು ಎಂದರೆ ಅದಕ್ಕೆ ಏನೂ ಅಲ್ಲ. 'ಬೇಗ ಬರ್ತೀನಿ' ಎಂದರೂ ಏನೂ ಅಲ್ಲ. 'ಊಟ ಆದ್ಮೇಲೆ ಬರ್ತೀನಿ' ಎಂದರೆ ಗೊತ್ತಾಗುತ್ತದೆ; ಡಬ್ಬಿ ತೆರೆದಾಗ ಅಮ್ಮ ಹತ್ತಿರವಾಗುತ್ತಿದ್ದಾಳೆ ಎಂದು ಅದೇ ಲೆಕ್ಕ ಹಾಕುತ್ತದೆ. ಊಟವಿಲ್ಲದ ಶಾಲೆಯಾದರೆ ಕತೆ ಮುಗಿದ ಮೇಲೆ, ಜಾರುಬಂಡೆ ಆಟ ಆದ ಮೇಲೆ. ಹೇಳಿದ ಹೊತ್ತಿಗೆ ಬಾಗಿಲಲ್ಲಿ ಇರಲೇಬೇಕು. ನಾನು ಒಂದು ದಿನ ಇಪ್ಪತ್ತು ನಿಮಿಷ ತಡ ಮಾಡಿದೆ. ಬ್ಯಾಗನ್ನು ಎರಡೂ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. 'ಊಟ ಆಯ್ತು' ಎಂದಳು, ಅಷ್ಟೇ.

ಇನ್ನೊಂದು ತಪ್ಪು ನಮ್ಮ ಮನೆಗಳಲ್ಲಿ ಶಾಲೆ ಸೇರಿಸುವ ಎಷ್ಟೋ ಮೊದಲೇ ನಡೆದಿರುತ್ತದೆ. ಊಟ ಮಾಡದಿದ್ದರೆ ಗುಮ್ಮ. ಗುಮ್ಮನ ಭಯ ಹೋದ ಮೇಲೆ 'ಇರು, ಸ್ಕೂಲಿಗೆ ಸೇರಿಸ್ತೀನಿ, ಮಿಸ್ಸು ಬುದ್ಧಿ ಕಲಿಸ್ತಾರೆ.' ವರ್ಷವಿಡೀ ಹೀಗೆ ಹೆದರಿಸಿ, ಜೂನ್ ಒಂದರಂದು ಅದೇ ಮಿಸ್ಸಿನ ಕೈಗೆ ಮಗುವನ್ನು ಕೊಡುತ್ತೇವೆ.

ನಮಗೆ ಕೈಹಿಡಿದದ್ದು ಒಂದು ತುಂಡು ಕೌದಿ. ಗದಗದ ಗೆಳತಿಯ ತಾಯಿ ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದು ಬಾಣಂತನಕ್ಕೆಂದು ಕೊಟ್ಟದ್ದು. ಮಗಳು ಹುಟ್ಟಿದಾಗಿನಿಂದ ಅದರ ಮೇಲೇ ಮಲಗಿದವಳು. ಮೂಲೆಯ ಅಂಗೈಯಗಲದ ತುಂಡು ಕತ್ತರಿಸಿ ಬ್ಯಾಗಿನಲ್ಲಿಟ್ಟೆ. ಮಕ್ಕಳು ಹೀಗೆ ಬಟ್ಟೆಯನ್ನೋ ಗೊಂಬೆಯನ್ನೋ ಬಿಡದೆ ಹಿಡಿದುಕೊಳ್ಳುವುದರ ಬಗ್ಗೆ ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಪ್ರಬಂಧವನ್ನೇ ಮಂಡಿಸಿದರು. ಅಮ್ಮನೂ ಅಲ್ಲದ, ಪೂರಾ ಹೊರಗಿನದೂ ಅಲ್ಲದ ಆ ವಸ್ತುವಿನ ಮೇಲೆ ಕಾಲಿಟ್ಟು ಮಗು ಹೊಸ್ತಿಲು ದಾಟುತ್ತದೆ. ಒಗೆದು ಕೊಡಿ ಎಂದರು ಶಾಲೆಯವರು. ಒಗೆಯಲಿಲ್ಲ. ಅದರ ವಾಸನೆಯೇ ಅದರ ಗುಣ.

ಮಮ್ಮು, ಸುಸ್ಸು, ತಾಚಿ

ಮೊದಲ ವಾರ ದಿನವೂ ಒದ್ದೆ ಚಡ್ಡಿ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುತ್ತಿತ್ತು. ಮನೆಯಲ್ಲಿ ಆರು ತಿಂಗಳಿಂದ ಹೇಳಿ ಹೋಗುತ್ತಿದ್ದವಳಿಗೆ ಇದೇನಾಯಿತು? ಕಾರಣ ಸರಳವಾಗಿತ್ತು. ಅವಳು ಹೇಳುತ್ತಿದ್ದಳು, ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಎರಡೂವರೆ ವರ್ಷದ ಮಗು ಆಡುವುದು ಪೂರ್ತಿ ಕನ್ನಡವಲ್ಲ, ತನ್ನ ಮನೆಯ ಕನ್ನಡ. ಅನ್ನ ಒಂದು ಮನೆಯಲ್ಲಿ ಮಮ್ಮು, ಇನ್ನೊಂದರಲ್ಲಿ ಬುವ್ವ. ನಿದ್ದೆ ಕೆಲವರಲ್ಲಿ ತಾಚಿ, ಕೆಲವರಲ್ಲಿ ಜೋಜೋ. ನಮ್ಮವಳಿಗೆ ನೀರು 'ನೀನಿ'. ಇಂಥ ನಲವತ್ತು ಐವತ್ತು ಪದಗಳಲ್ಲಿ ಅದರ ಹೊಟ್ಟೆಪಾಡೆಲ್ಲ ನಡೆಯುತ್ತಿರುತ್ತದೆ. ಅದನ್ನು ಒಂದು ಬೆಳಿಗ್ಗೆ 'ಸೇ ವಾಟರ್ ಪ್ಲೀಸ್' ಎನ್ನುವ ಕೋಣೆಯಲ್ಲಿ ಬಿಟ್ಟರೆ ಅಮ್ಮನ ಜೊತೆಗೆ ಮಾತೂ ಹೋಗುತ್ತದೆ. ಬಾಯಾರಿದಾಗ ಬಾಯಾರಿಕೆ ಎನ್ನಲಾಗದ ಜಾಗದಲ್ಲಿ ಯಾರಿಗೆ ತಾನೇ ನೆಮ್ಮದಿ? ಆ ಟೀಚರ್ ಹಾಸನದ ಕಡೆಯವರು, ಚೆಂದದ ಕನ್ನಡದವರು. ತರಗತಿಯಲ್ಲಿ ಇಂಗ್ಲಿಷ್ ಆಡಬೇಕೆಂಬುದು ಅವರಿಗೆ ಮೇಲಿನಿಂದ ಬಂದ ಸೂಚನೆ. ಹೆಚ್ಚು ಶುಲ್ಕ ಕೊಡುವ ಅಪ್ಪ ಅಮ್ಮಂದಿರೇ ಅದನ್ನು ಕೇಳುತ್ತಾರೆಂಬುದೂ ಸುಳ್ಳಲ್ಲ.

ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಕಲಿಕೆಯ ಮಾತು ಹಾಗಿರಲಿ, ಉಚ್ಚೆ ಬಂತು ಎನ್ನಲು ಬೇಕಾದ ಭಾಷೆಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ತುಳು, ಕೊಂಕಣಿ, ಕೊಡವ, ಉರ್ದು ಮನೆಗಳಿಂದ ಬರುವ ಮಕ್ಕಳಿಗಂತೂ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು.

ನಾನು ಮಗಳ ಇಪ್ಪತ್ತೆರಡು ಪದಗಳನ್ನು ಅರ್ಥಸಮೇತ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಅದನ್ನು ಬಾಯಿಪಾಠ ಮಾಡಿಕೊಂಡವರು ಆಯಾ, ನಂಜನಗೂಡಿನ ಕಡೆಯ ಹೆಂಗಸು. ಮರುದಿನ ಗೇಟಿನಲ್ಲೇ 'ಬಾ ಮಗಳೇ, ನೀನಿ ಕುಡಿದು ಆಡೋಣ' ಎಂದರು. ಮಗಳು ಬೆರಗಾಗಿ ಅವರ ಬಾಯನ್ನೇ ನೋಡಿದಳು. ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ಮಗು ದಾಟಿದ್ದು ಆ ಕ್ಷಣದಲ್ಲೇ ಎಂದು ನನ್ನ ನಂಬಿಕೆ. ಇಂಥ ಶಾಲೆಗಳಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ ಆಯಾಗಳಿಗೇ. ಮೊದಲ ವಾರಗಳ ಭಾರವೆಲ್ಲ ಹೊರುವವರೂ ಅವರೇ. ಇದು ನ್ಯಾಯವಲ್ಲ.

ತೋಟ, ಮನೆ, ಅಂಗಳ

ಇಷ್ಟು ಎಳೆಯ ಮಗುವನ್ನು ಮನೆಯಿಂದಾಚೆ ಕಳಿಸುವುದು ನಮ್ಮಲ್ಲಿ ಹೊಸದು. ನಮ್ಮ ಅಜ್ಜಂದಿರ ಕಾಲದಲ್ಲಿ ವಿಜಯದಶಮಿಗೆ ಅಕ್ಕಿಯ ಮೇಲೆ ಅಕ್ಷರ ತಿದ್ದಿಸಿ ಮಠಕ್ಕೆ ಕಳಿಸುವಾಗ ಮಗುವಿಗೆ ಐದಾಗಿರುತ್ತಿತ್ತು. ಅದಕ್ಕೆ ಮೊದಲು ಅಂಗಳ, ಅಕ್ಕಪಕ್ಕದ ಜಗಲಿ, ಹತ್ತು ಜನರ ಮಡಿಲು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆ ಆಗಲೂ ಇತ್ತು. ಆದರೆ ಎರಡು ಎಲೆ ಬಿಟ್ಟ ಸಸಿಯನ್ನು ಯಾರೂ ಬಗ್ಗಿಸುತ್ತಿರಲಿಲ್ಲ.

ಎಲ್‌ಕೆಜಿ ಎಂಬುದರೊಳಗಿನ 'ಕೆಜಿ' ಜರ್ಮನ್ ಪದ. ಫ್ರೆಡ್ರಿಕ್ ಫ್ರೊಬೆಲ್ 1840ರಲ್ಲಿ ತಮ್ಮ ಶಿಶುಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತೆರೆದ ಶಾಲೆಯ ಹೆಸರು ಮಕ್ಕಳ ಮನೆ. ಕೂಲಿಗೆ ಹೋಗುವ ಅಪ್ಪ ಅಮ್ಮಂದಿರು ವಾಸವಿದ್ದ ಕಟ್ಟಡದೊಳಗೇ ಅದು ಇತ್ತು. ತಾಯಂದಿರು ಯಾವ ಹೊತ್ತಿನಲ್ಲಾದರೂ ಬಂದು ನೋಡಬಹುದೆಂದು ಮಾಂಟೆಸ್ಸರಿ ಹೆಮ್ಮೆಯಿಂದ ಬರೆದಿದ್ದಾರೆ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಅವರು ಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದು ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತಯಾರು ಮಾಡಿದರು.

ಮೂರನೆಯ ಹೆಸರು ನಮ್ಮದೇ, ಅಂಗನವಾಡಿ. ಅಂಗನ ಎಂದರೆ ಅಂಗಳ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ.ನರಸೀಪುರ. ನನ್ನ ತವರು ಅದೇ ತಾಲ್ಲೂಕು. ಈಗ ರಾಜ್ಯದಲ್ಲಿ ಅಂಗನವಾಡಿಗಳ ಸಂಖ್ಯೆ 65 ಸಾವಿರ ದಾಟಿದೆ. ನಾನು ಕಲಿತ ಅಂಗನವಾಡಿಯಲ್ಲಿ ಬಾಗಿಲು ಎಂಬುದು ಇತ್ತೋ ಇಲ್ಲವೋ ನೆನಪಿಲ್ಲ. ಟೀಚರ್ ನಮ್ಮ ಬೀದಿಯವರೇ, ನಮಗೆಲ್ಲ ಅಕ್ಕ. ಅತ್ತರೆ ಅಜ್ಜಿ ಬಂದು ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತಿದ್ದಳು. ಕಾರ್ಯಕರ್ತೆ ಅದೇ ಊರಿನವರಿರಬೇಕೆಂಬ ನಿಯಮದಿಂದ ಎಷ್ಟು ಮಕ್ಕಳ ಅಳು ಹಗುರಾಗಿದೆಯೋ! ಕಟ್ಟಡ ಸೋರುತ್ತದೆ, ಆಟಿಕೆ ಸಾಲದು, ಕಾರ್ಯಕರ್ತೆಯರ ಮೇಲೆ ಸಮೀಕ್ಷೆ, ದಾಖಲೆಗಳ ಹೊರೆ ಹೆಚ್ಚು. ಇವೆಲ್ಲ ನಿಜವೇ. ಮಗು ಗುರುತಿನ ಮುಖದ ಕಡೆಗೆ ನಡೆದುಹೋಗುತ್ತದೆ ಎಂಬುದೂ ನಿಜ.

ತೋಟ, ಮನೆ, ಅಂಗಳ. ಮೂರೂ ಹೆಸರು ಅಮ್ಮ ಕೂಗಿದರೆ ಕೇಳಿಸುವಷ್ಟು ದೂರದ ಜಾಗಗಳು. ಗೇಟನ್ನು ಆಮೇಲೆ ಹಾಕಿದವರು ನಾವು.

ಎರಡನೇ ಸೋಮವಾರ

ಮೊದಲ ಶುಕ್ರವಾರ ಅಳು ಕಡಿಮೆಯಾಯಿತು. ಶನಿವಾರ, ಭಾನುವಾರ ಮನೆ. ಸೋಮವಾರ ಮೊದಲ ದಿನಕ್ಕಿಂತ ಜೋರು. ನಾನು ಕಂಗಾಲಾದೆ. ಎಷ್ಟೋ ಮಕ್ಕಳ ಹಾದಿಯೂ ಹೀಗೇ ಎಂದು ಟೀಚರ್ ಸಮಾಧಾನ ಹೇಳಿದರು. ಕೆಲವು ಮಕ್ಕಳು ಮೊದಲ ವಾರ ಕುಣಿಯುತ್ತಾ ಹೋಗಿ, ಇದು ದಿನವೂ ಇರುವ ಸಂಗತಿ ಎಂದು ಗೊತ್ತಾದ ಮೇಲೆ ಎರಡನೇ ವಾರ ಅಳಲು ಶುರುಮಾಡುತ್ತವೆ. ಹಬ್ಬದ ರಜೆ, ಜ್ವರ, ಊರಿಗೆ ಹೋಗಿ ಬಂದದ್ದು, ಎಲ್ಲದರ ನಂತರವೂ ನಾಲ್ಕು ಹೆಜ್ಜೆ ಹಿಂದೆ. ನಾಲ್ಕರಿಂದ ಆರು ವಾರ ಹಿಡಿದರೆ ಗಾಬರಿಪಡಬೇಕಾಗಿಲ್ಲ.

ಶಾಲೆಯಲ್ಲಿ ನಗುತ್ತಿದ್ದ ಮಗು ಮನೆಯ ಮೆಟ್ಟಿಲು ಹತ್ತಿದ ಕೂಡಲೇ ಚಪ್ಪಲಿ ಬಿಚ್ಚಲಿಲ್ಲವೆಂದು ನೆಲಕ್ಕೆ ಬಿದ್ದು ಹೊರಳುವುದುಂಟು. ಮೂರು ಗಂಟೆ ಹೊತ್ತು ತಡೆದುಕೊಂಡದ್ದನ್ನು ಅದು ತಡೆಯಬೇಕಿಲ್ಲದ ಜಾಗದಲ್ಲಿ ಇಳಿಸುತ್ತಿರುತ್ತದೆ. ಆ ಹೊತ್ತಿನಲ್ಲಿ 'ಇವತ್ತು ಏನು ಮಾಡಿದೆ? ಯಾವ ಪದ್ಯ ಹೇಳಿಕೊಟ್ಟರು?' ಎಂಬ ವಿಚಾರಣೆ ಬೇಡ. ನಾವು ಮೊಸರನ್ನ ಕೊಟ್ಟು ಸುಮ್ಮನೆ ಪಕ್ಕ ಕೂರಲು ಕಲಿತೆವು. ಸಂಜೆ ಗಿಡಕ್ಕೆ ನೀರು ಹಾಕುವಾಗ ಅವಳೇ ಒಂದೊಂದಾಗಿ ಹೇಳುತ್ತಿದ್ದಳು.

ಆಮೇಲೆ ಮೂಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋರಿತು. ಗುಂಪಿಗೆ ಹೊಸದಾಗಿ ಸೇರಿದ ಮಗುವಿಗೆ ಮೊದಲ ವರ್ಷ ಎಂಟು ಹತ್ತು ಸಲ ನೆಗಡಿಯಾಗುವುದು ಅಪರೂಪವಲ್ಲ. ಕೈ-ಕಾಲು-ಬಾಯಿ ರೋಗವೆಂದು ಕರೆಯುವ ವೈರಸ್ ಸೋಂಕೂ ಬರುತ್ತದೆ: ಜ್ವರ, ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆ. ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಮಗು ನೀರು ಕುಡಿಯದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಅಮೆರಿಕದ ಟೂಸಾನ್ ನಗರದ ಮಕ್ಕಳನ್ನು ಹದಿಮೂರು ವರ್ಷ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಎಳವೆಯಲ್ಲೇ ದೊಡ್ಡ ಗುಂಪು ಸೇರಿ ಹೆಚ್ಚು ನೆಗಡಿ ಅನುಭವಿಸಿದವರಿಗೆ ಪ್ರಾಥಮಿಕ ಶಾಲೆಯ ವರ್ಷಗಳಲ್ಲಿ ನೆಗಡಿ ಕಡಿಮೆ ಇತ್ತು.

ಒಳಗೆ ಎಷ್ಟು ದಿನ?

ಜರ್ಮನಿಯ ಶಿಶುಶಾಲೆಗಳಲ್ಲಿ ಬರ್ಲಿನ್ ಮಾದರಿ ಎಂಬ ರೂಢಿಯಿದೆ. ಮೊದಲ ಮೂರು ದಿನ ಅಪ್ಪ ಅಥವಾ ಅಮ್ಮ ಮಗುವಿನ ಜೊತೆ ಒಳಗೇ ಇರುತ್ತಾರೆ, ಬಿಟ್ಟು ಹೋಗುವ ಮಾತೇ ಇಲ್ಲ. ನಾಲ್ಕನೇ ದಿನ ಕೆಲವು ನಿಮಿಷ ಹೇಳಿ ಹೊರಗೆ ಹೋಗಿ ಬರುತ್ತಾರೆ. ಅಲ್ಲಿನ ಟೀಚರ್ ಎತ್ತಿಕೊಂಡರೆ ಮಗು ಸಮಾಧಾನವಾಗುತ್ತದೆಯೇ ಎಂದು ನೋಡಿ, ಅದರ ಮೇಲೆ ಮುಂದಿನ ದಿನಗಳನ್ನು ನಿರ್ಧರಿಸುತ್ತಾರೆ. ಆನೆರ್ಟ್ ಅವರ ಅಧ್ಯಯನದಲ್ಲೂ ತಾಯಂದಿರು ಹೆಚ್ಚು ದಿನ ಜೊತೆಗಿದ್ದು ಪರಿಚಯಿಸಿದಷ್ಟೂ ಮಕ್ಕಳ ಭರವಸೆ ಉಳಿದಿತ್ತು, ಕೆಲವರಲ್ಲಿ ಹೆಚ್ಚಿತ್ತು.

ನಮ್ಮ ಬಹಳಷ್ಟು ಶಾಲೆಗಳಲ್ಲಿ ಮೊದಲ ದಿನವೇ ಗೇಟು. ಅಮ್ಮ ಕಂಡರೆ ಎಲ್ಲ ಮಕ್ಕಳೂ ಅಳುತ್ತಾರೆಂಬುದು ಅವರ ಕಾರಣ. ಇಪ್ಪತ್ತು ಮಕ್ಕಳನ್ನು ಒಂದೇ ದಿನ ಸೇರಿಸಿಕೊಂಡರೆ ಹಾಗೆಯೇ ಆಗುತ್ತದೆ. ದಿನಕ್ಕೆ ನಾಲ್ಕು ನಾಲ್ಕರಂತೆ ಸೇರಿಸಿಕೊಂಡರೆ ಆಗುವುದಿಲ್ಲ. ಫೆಬ್ರುವರಿಯಲ್ಲಿ ಶುಲ್ಕದ ಚೀಟಿ ಹಿಡಿದು ಕಟ್ಟಡ, ಸಿಸಿಟಿವಿ, ಎಸಿ ನೋಡುವಾಗ ನಾವು ಕೇಳಬೇಕಾದ್ದು ಬೇರೆಯೇ ಇದೆ. ಮೊದಲ ವಾರ ನಾನು ಒಳಗೆ ಕೂರಬಹುದೇ? ಅತ್ತರೆ ಎತ್ತಿಕೊಳ್ಳುವವರು ಯಾರು, ದಿನವೂ ಅವರೇ ಇರುತ್ತಾರೆಯೇ? ಅವರಿಗೆ ನನ್ನ ಮಗುವಿನ ಮಾತು ಗೊತ್ತಾಗುತ್ತದೆಯೇ?

ರಜೆ ಸಿಗದ ತಾಯಂದಿರ ಬಗ್ಗೆ ಈ ಮಾತುಗಳನ್ನು ಸುಲಭವಾಗಿ ಆಡಲಾರೆ. ನನಗೆ ಹತ್ತು ದಿನ ರಜೆ ಸಿಕ್ಕಿತು. ಗಾರ್ಮೆಂಟ್ಸ್‌ಗೆ ಹೋಗುವವಳಿಗೆ ಅರ್ಧ ದಿನವೂ ಕಷ್ಟ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಹೆಂಗಸರ ಮೂರು ವರ್ಷದೊಳಗಿನ ಮಕ್ಕಳಿಗೆಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ 'ಕೂಸಿನ ಮನೆ'ಗಳು ತೆರೆದಿವೆ. ಅಲ್ಲಿ ನೋಡಿಕೊಳ್ಳುವವರೂ ಅದೇ ಊರಿನ ಹೆಂಗಸರು. ಊರಿನ ತಾಯಿಗೆ ಸಿಕ್ಕ ಈ ಗುರುತಿನ ಮುಖ ನಗರದ ಕಾರ್ಖಾನೆಯ ತಾಯಿಗೂ ಸಿಗಬೇಕು. ಅಮ್ಮನಿಗಾಗದಿದ್ದರೆ ಅಪ್ಪ, ಅಜ್ಜ, ಚಿಕ್ಕಮ್ಮ ಯಾರಾದರೂ ಆ ಮೊದಲ ದಿನಗಳಲ್ಲಿ ಜೊತೆಗಿರಬಹುದು. ಮಗುವಿಗೆ ಬೇಕಾದ್ದು ನಂಬಿದ ಒಂದು ಮುಖ.

ಆರೇಳು ವಾರ ಕಳೆದರೂ ಮಗು ಅಲ್ಲಿ ತಿನ್ನದಿದ್ದರೆ, ಆಡದಿದ್ದರೆ, ರಾತ್ರಿ ಬೆಚ್ಚುತ್ತಿದ್ದರೆ, ಶಾಲೆಯ ಯಾರೋ ಒಬ್ಬರ ಹೆಸರು ಹೇಳಿದರೆ ಮುದುಡಿದರೆ, ನಿಲ್ಲಿಸಬೇಕು. ಆರು ತಿಂಗಳು ಬಿಟ್ಟು ಸೇರಿಸಿದರೆ ಏನೂ ತಪ್ಪಿಹೋಗುವುದಿಲ್ಲ. ಕಟ್ಟಿದ ದುಡ್ಡು ಹೋಗಬಹುದು, ಹೋಗಲಿ.

ನಮ್ಮವಳು ಐದನೇ ವಾರ ಗೇಟಿನಲ್ಲಿ ಅಳುವುದು ನಿಲ್ಲಿಸಿದಳು. ಅದೇ ವಾರದ ಭಾನುವಾರ ಮಧ್ಯಾಹ್ನ ಕೌದಿಯ ತುಂಡನ್ನು ನನ್ನ ಕೈಗಿತ್ತು, ಅಡುಗೆಮನೆಯ ಮೂಲೆಯಲ್ಲಿ ಕೂರಿಸಿದಳು. ತನ್ನ ಹೆಗಲಿಗೆ ನನ್ನ ಹಳೆ ಕೈಚೀಲ.

'ನೀನು ಅಳು.'

ಅತ್ತೆ. ಕೆನ್ನೆಗೆ ಮುತ್ತು ಕೊಟ್ಟಳು. 'ಊಟ ಆದ್ಮೇಲೆ ಬರ್ತೀನಿ' ಎಂದು ಹೇಳಿ, ಹೊಸ್ತಿಲು ದಾಟಿ ಬಾಗಿಲು ಎಳೆದುಕೊಂಡಳು. ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಬಾಗಿಲು ತೆರೆಯಿತು.

'ಬಂದೆ! ಊಟ ಆಯ್ತಾ?'

ಆಯ್ತು ಎಂದೆ. ಕೈಚೀಲ ಸರಿಮಾಡಿಕೊಂಡು ಮತ್ತೆ ಬಾಗಿಲ ಬಳಿ ನಿಂತಳು.

'ಇನ್ನೊಂದ್ಸಲ ಅಳು.'